ಕಾಲುವೆಯಾಗಿದ್ದ ನನ್ನ ಮಹಾನದಿ

ಲಗ್ನವಾಗಿ ತಂಬೂರು ಎಂಬ ಹಳ್ಳಿಗೆ ಬಂದ ಮೇಲೆ ನಾಲ್ಕು ವರ್ಷ ಕದ್ದುಮುಚ್ಚಿ ಒಂದು ಕಾದಂಬರಿ ಬರೆದೆ. ಇಲ್ಲದ ಬೆಟ್ಟ, ಇಲ್ಲದ ಅರಸರು, ನಡುವೆ ಒಂದು ಮಹಾನದಿ. ಅತ್ತೆಗೆ ಗೊತ್ತಾದರೆ ಹುಚ್ಚೆಂದು ನಿಲ್ಲಿಸಿಬಿಡುತ್ತಾರೆಂಬ ಹೆದರಿಕೆ. ಅದಕ್ಕೇ ನದಿಯ ನಕ್ಷೆಯನ್ನು ಜೋಳದ ಹಿಟ್ಟಿನ ಡಬ್ಬಿಯ ಕೆಳಗಿಟ್ಟಿದ್ದೆ. ನನ್ನ ಜಾಣತನ ನೋಡಿ, ಮನೆಯಲ್ಲಿ ದಿನಾ ಎತ್ತುವ ಡಬ್ಬಿ ಅದೇ!

ಒಂದು ಮುಂಜಾನೆ ನಕ್ಷೆ ಅತ್ತೆಯ ಕೈಗೆ ಸಿಕ್ಕಿತು. ಅವರಿಗೆ ಓದಲು ಬರುವುದಿಲ್ಲ. ನೀಲಿ ಗೆರೆ ನೀರೆಂದು ತಿಳಿಯಲು ಅಕ್ಷರ ಬೇಕಾಗಲಿಲ್ಲ.

"ಇದೇನವಾ?"

"ನದಿ ರೀ ಅತ್ತಿ. ಸುಳ್ಳ ನದಿ. ಕತಿ ಬರ್ಯಾಕತ್ತೇನ್ರಿ."

ಅವರು ನಕ್ಷೆಯ ಬೆಟ್ಟದ ಮೇಲೆ ಬೆರಳಿಟ್ಟು ನೀಲಿ ಗೆರೆಗುಂಟ ಕೆಳಗಿಳಿಸಿದರು. ನದಿ ಎರಡಾಯಿತು, ನಾಲ್ಕಾಯಿತು, ಕಡೆಗೆ ಊರಿಗೊಂದು ಎಳೆಯಾಯಿತು.

"ಸುಳ್ಳಾದ್ರೂ ನೀರಿಗೊಂದು ರೀತಿ ಬ್ಯಾಡೇನು? ಹಳ್ಳ ಕೂಡ್ತಾವ ಹುಚ್ಚಿ, ಹಿಂಗ ಪಾಲಾಗೂದಿಲ್ಲ. ನೀ ನದಿ ತಗದಿಲ್ಲ, ನಿಮ್ಮೂರ ಕಾಲುವಿ ತಗದಿ!"

ನಾಚಿಕೆಯೂ ಆಯಿತು, ನಗುವೂ ಬಂತು. ನನ್ನ ತವರು ನವಲಗುಂದದ ಕಡೆ. ಅಲ್ಲಿಯ ಎರೆಹೊಲಗಳ ನಡುವೆ ನಾನು ಕಂಡ ದೊಡ್ಡ ನೀರೆಂದರೆ ಕಾಲುವೆಯೇ. ದೊಡ್ಡ ಕಾಲುವೆಯಿಂದ ಸಣ್ಣದಕ್ಕೆ, ಅಲ್ಲಿಂದ ಹೊಲಹೊಲಕ್ಕೆ ಹಂಚಿಹೋಗುವುದೇ ನೀರಿನ ಗುಣವೆಂದು ತಿಳಿದಿದ್ದೆ. ಆ ಎಳೆಗಳಿಗಾಗಿ ಅರಸರ ಕಾಳಗವನ್ನೂ ಬರೆದಾಗಿತ್ತು. ಅಟ್ಟ ಮೇಲೆ ಒಲೆ ಉರಿಯಿತು ಅನ್ನುವ ಹಾಗಾಯಿತು ನನ್ನ ಗತಿ. ಸಿಟ್ಟಿನಲ್ಲಿ ನಕ್ಷೆ ಹರಿಯಲು ಹೋದೆ.

ಅತ್ತೆ ಕಸಿದುಕೊಂಡರು. ಒದ್ದೆ ಬೆರಳಿನಿಂದ ನೆಲದ ಮೇಲೆ ಗೆರೆ ಎಳೆದು, ತಮ್ಮ ಹಳ್ಳ ಮುಂದಿನ ಹಳ್ಳವನ್ನು ಹೇಗೆ ಕೂಡುತ್ತದೆ, ಎರಡೂ ಸೇರಿ ಹೇಗೆ ಅಗಲವಾಗುತ್ತವೆ ಎಂದು ತೋರಿಸಿದರು.

"ಊರು ನದಿ ದಂಡಿಗೆ ಇಡಬ್ಯಾಡ, ದಿಬ್ಬದ ಮ್ಯಾಲಿಡು. ಮಳಿಗಾಲದಾಗ ನಿನ್ನ ಮಂದಿ ತೇಲಿಹೋಗಬಾರದು."

ನಿನ್ನ ಮಂದಿ! ನಾಲ್ಕು ವರ್ಷ ನಾನೊಬ್ಬಳೇ ಸಾಕಿದ ಆ ಜನಕ್ಕೆ ಅತ್ತೆ ಒಂದೇ ಮಾತಿನಲ್ಲಿ ಜೀವ ಕೊಟ್ಟರು. ನದಿ ತಪ್ಪೆಂದು ಬೈದರೇ ಹೊರತು ಬರೆದದ್ದಕ್ಕೆ ಬೈಯಲಿಲ್ಲ. ಆ ಋಣ ನನ್ನ ತಲೆಯ ಮೇಲೆ ಇವತ್ತಿಗೂ ಇದೆ, ಇರಲಿ.

ಅಷ್ಟರಲ್ಲಿ ಬಾಜೂ ಮನೆಯಾಕೆ ಹೊಲದ ಕಸ ತೆಗೆಯಲು ನನ್ನನ್ನು ಕರೆಯುತ್ತ ಬಾಗಿಲಿಗೆ ಬಂದಳು. ನಾನು ಏಳುವ ಮೊದಲೇ ಅತ್ತೆ ಒಳಗಿನಿಂದ ಕೂಗಿ ಹೇಳಿದರು:

"ಇವತ್ತ ನಾ ಬರ್ತೇನಿ ನಡಿಯವಾ. ಸೊಸಿಗೆ ನದಿ ಕೆಲಸ ಐತಿ."