ಬಚ್ಚಲಿನ ತೊಟ್ಟಿ ಮತ್ತು ಅವರ ಎಡಗೈ

ಊರಿನ ಅರ್ಧ ಮನೆಗಳಿಗೆ ವೈರಿಂಗ್ ಮಾಡಿದ ನನ್ನ ಯಜಮಾನರಿಗೆ ಲಕ್ವಾ ಹೊಡೆದು ಎಡಗೈ ಮುಷ್ಟಿ ಬಿಗಿದುಕೊಂಡಿತು. ಕಾಲು ಎಳೆಯುತ್ತಿತ್ತು, ಮಾತು ತುಸು ತೊದಲುತ್ತಿತ್ತು. ಅದಕ್ಕೆಲ್ಲ ಅವರು ಕೊರಗಲಿಲ್ಲ. ಕೊರಗಿದ್ದು ಆ ಮುಷ್ಟಿಗೆ. ನಮ್ಮಲ್ಲಿ ಸ್ನಾನವಾದ ಮೇಲೆ ಇಷ್ಟಲಿಂಗವನ್ನು ಎಡ ಅಂಗೈಯಲ್ಲಿಟ್ಟು ಪೂಜಿಸಿದ ಮೇಲೆಯೇ ಊಟ, ನಾಷ್ಟಾ. ನಾನು ನನ್ನ ಅಂಗೈ ಒಡ್ಡಿ, "ಇದರಾಗ ಇಟ್ಟು ಮಾಡ್ರಿ" ಎಂದರೆ, "ನಿನ್ನ ಕೈ ನಿನ್ನ ಲಿಂಗಕ್ಕ. ನನಗ ನನ್ನ ಕೈ ಬೇಕು" ಎಂದು ಮುಖ ತಿರುಗಿಸುತ್ತಿದ್ದರು. ಆಮೇಲೆ ತಾಟು ಮುಟ್ಟಿದರೆ ಮುಟ್ಟಿದರು, ಇಲ್ಲದಿದ್ದರೆ ಇಲ್ಲ. ನನಗೂ ಸಿಟ್ಟು ಬರುತ್ತಿತ್ತು. ಬೆಳಿಗ್ಗೆ ಎದ್ದು ರೊಟ್ಟಿ ಬಡಿದವಳು ನಾನಲ್ಲವೇ.

ಹುಬ್ಬಳ್ಳಿಯ ಡಾಕ್ಟರು, ಎದೆಮಟ್ಟ ಬೆಚ್ಚನೆಯ ನೀರಿನಲ್ಲಿ ದಿನಾ ಕೂಡ್ರಿಸಿ ಬೆರಳು ಬಿಡಿಸಿದರೆ ಕೈ ತೆರೆದುಕೊಂಡೀತು ಎಂದರು. ನಮ್ಮ ಹಂಡೆಯ ನೀರು ಕಾಲು ತೋಯಿಸಲೂ ಸಾಲದು. ಗೌಂಡಿಯನ್ನು ಕರೆಸಿ ಬಚ್ಚಲಲ್ಲಿ ಸಿಮೆಂಟಿನ ತೊಟ್ಟಿ ಕಟ್ಟಿಸಿದೆ. ಅಡುಗೆಮನೆಯ ಪ್ಲಗ್ಗಿನಿಂದ ವೈರ್ ಎಳೆದು ನೀರು ಕಾಯಿಸುವ ಒಂದು ಹೀಟರ್ ಕಾಯಿಲ್ ಇಳಿಬಿಟ್ಟರಾಯಿತು ಎಂದುಕೊಂಡು ಅವರಿಗೆ ಹೇಳಿದೆ.

"ಲೇ, ನನ್ನ ಕೊಲ್ಲಾಕ ಹೊಂಟೀಯೇನು, ಇಲ್ಲಾ ನೀನ ಹೋಗಾಕಿಯೋ?" ಎಂದರು. ಲಕ್ವಾ ಹೊಡೆದ ಮೇಲೆ ಅಷ್ಟು ಸ್ಪಷ್ಟವಾಗಿ ಅವರು ಬೈದಿದ್ದು ಅದೇ ಮೊದಲು.

ಆವತ್ತಿನಿಂದ ಅವರು ಅಂಗಳದ ಕುರ್ಚಿಯಲ್ಲಿ, ನಾನು ಅವರ ಕೈ. ಮೀಟರಿನ ಹತ್ತಿರ ಮಾತ್ರ ನನ್ನನ್ನು ಬಿಡಲಿಲ್ಲ, ಅದಕ್ಕೆ ಲೈನ್‌ಮನ್‌ನನ್ನೇ ಕರೆಸಿದರು. ಅಲ್ಲಿಂದ ಬಚ್ಚಲಿಗೆ ಬೇರೆಯದೇ ದಪ್ಪ ವೈರ್ ಪೈಪಿನೊಳಗೆ ಬಂತು. ಸ್ವಿಚ್ಚು ಬಚ್ಚಲಿನ ಹೊರಗೆ, ತೊಟ್ಟಿಯಲ್ಲಿ ಕೂತವರ ಕೈಗೆ ಎಟುಕದಂತೆ. ಕರೆಂಟ್ ಎಲ್ಲಾದರೂ ಸೋರಿದರೆ ತಾನಾಗಿಯೇ ಬಂದ್ ಆಗುವ ಟ್ರಿಪ್ ಸ್ವಿಚ್ಚೂ ಬಂತು. ಅದರ ಗುಂಡಿಯನ್ನು ಅಮಾವಾಸ್ಯೆಗೊಮ್ಮೆ ಒತ್ತಿ ನೋಡಬೇಕೆಂದು ತಾಕೀತು. ಸೋರಿದ ಕರೆಂಟ್ ನೆಲಕ್ಕೆ ಇಳಿಯಲೆಂದು ಹಿತ್ತಲಲ್ಲಿ ಅರ್ಥಿಂಗಿಗೆ ಗುಂಡಿ ತೋಡಿಸಿ ಇದ್ದಿಲು, ಉಪ್ಪು ತುಂಬಿದೆವು. ನೆಲ ಅಗೆಯುವ ಮೊದಲು ನಾನು ವಿಭೂತಿ ಹಚ್ಚಿ ಕಾಯಿ ಒಡೆದದ್ದನ್ನು ನೋಡಿ ಅವರಿಗೆ ನಗು.

"ಕಾಯಿ ಒಡದಿ, ಚಲೋ ಆತು. ಇನ್ನ ದಿನಾ ಒಂದು ಕೊಡ ನೀರೂ ಹಾಕು. ಎರಿ ನೆಲ ಬ್ಯಾಸಿಗ್ಯಾಗ ಬಿರಿತೈತಿ. ಬಿರದ್ರ ಅರ್ಥಿಂಗ್ ಕೈ ಕೊಡತೈತಿ."

ನೀರು ಕಾದ ಮೇಲೆ ಮೇನ್ ಬಂದ್ ಮಾಡಬೇಕು, ಟೆಸ್ಟರ್ ಹಚ್ಚಿ ನೋಡಬೇಕು, ಆಮೇಲೆಯೇ ನೀರಿಗೆ ಕೈ. ದಿನಾ ಬೆಳಿಗ್ಗೆ ತೊಟ್ಟಿಯ ಬಾಜು ಸ್ಟೂಲಿನ ಮೇಲೆ ಕೂತು ಕೇಳುತ್ತಿದ್ದರು:

"ಮೇನ್ ಬಂದ್ ಮಾಡಿದೇನು?"

"ಮಾಡೀನ್ರಿ."

"ಖರೇನ?"

"ಖರೇರಿ. ನಿಮ್ಮಾಣಿ."

ನನಗೆ ತಲೆ ಚಿಟ್ಟು ಹಿಡಿಯುತ್ತಿತ್ತು. ಆದರೂ ಹೇಳುತ್ತಿದ್ದೆ, ಹೇಳದಿದ್ದರೆ ಇಳಿಯುತ್ತಿರಲಿಲ್ಲ.

ನೀರಿನಲ್ಲಿ ಬೆರಳುಗಳು ಸಡಿಲಾಗುತ್ತಿದ್ದವು, ಹೊರಗೆ ಬಂದರೆ ಮತ್ತೆ ಮುದುಡುತ್ತಿದ್ದವು. ಚಳಿಗಾಲ ಕಳೆಯುವ ಹೊತ್ತಿಗೆ ಒಂದು ಮುಂಜಾನೆ ಅಂಗೈ ಪೂರ್ತಿ ತೆರೆಯಿತು. "ಲಿಂಗ ತಾ" ಎಂದರು. ತೊಟ್ಟಿಯಲ್ಲೇ ಕೂತು, ನೀರಿನ ಮೇಲೆ ಕೈ ಹಿಡಿದು, ಅವರೇ ಬಿಲ್ವಪತ್ರೆ ಏರಿಸಿದರು. ಕೈ ಗಡಗಡ ನಡುಗುತ್ತಿತ್ತು. ನಾನು ಕೆಳಗೆ ಅಂಗೈ ಒಡ್ಡಲು ಹೋದೆ, ಕಣ್ಣಲ್ಲೇ ಬೇಡವೆಂದರು. ಅವರು ಅತ್ತದ್ದನ್ನು ನಾನು ನೋಡಿದ್ದು ಆ ಒಂದು ದಿನ ಮಾತ್ರ. ಆವತ್ತು ರೊಟ್ಟಿ ಕೇಳಿ ಹಾಕಿಸಿಕೊಂಡು ಉಂಡರು.

ಆ ಸುಖ ಬಹಳ ದಿನ ಇರಲಿಲ್ಲ. ಹಿತ್ತಲ ನೆಲ ಬಿರಿಯಲು ಶುರುವಾದ ಕಾಲಕ್ಕೆ, ಚಹಾ ಕುಡಿಯುತ್ತ ಕೂತವರು ಹಾಗೇ ವಾಲಿದರು. ಎರಡನೆಯ ಸಲ ಹೊಡೆದ ಲಕ್ವಾ ಅವರನ್ನು ಉಳಿಸಲಿಲ್ಲ.

ನಮ್ಮಲ್ಲಿ ಸತ್ತವರನ್ನು ಕೂಡ್ರಿಸಿ ಮಣ್ಣು ಮಾಡುತ್ತಾರೆ, ಎಡ ಅಂಗೈಯಲ್ಲಿ ಅವರದೇ ಲಿಂಗವನ್ನಿಟ್ಟು. ಕ್ರಿಯೆ ಮಾಡಿಸಲು ಬಂದ ಅಯ್ಯನವರು ಅವರ ಕೈ ಹಿಡಿದು ನೋಡಿದರು. ಮುಷ್ಟಿ ಕಲ್ಲಾಗಿತ್ತು.

"ಬೆರಳು ಬಿಚ್ಚವಲ್ವು, ತಾಯಿ. ಮುಷ್ಟಿ ಮ್ಯಾಲ ಇಟ್ಟು ಅರಿವಿ ಸುತ್ತಿ ಕಟ್ಟೂಣು."

"ಕಟ್ಟಬ್ಯಾಡ್ರಿ. ತಡೀರಿ," ಎಂದೆ.

ತೊಟ್ಟಿಗೆ ನೀರು ಬಿಟ್ಟು ಹೀಟರ್ ಹಾಕಿದೆ. ಹೊತ್ತಾಯಿತು ಎಂದು ಹೊರಗೆ ಕೂತ ಮಂದಿ ಗೊಣಗಿದರು. ಗೊಣಗಲಿ, ಆ ಕೈಗಾಗಿ ಯಜಮಾನರು ಎಷ್ಟು ಒದ್ದಾಡಿದ್ದರೆಂದು ಆ ಮಂದಿಗೇನು ಗೊತ್ತು. ನೀರು ಬೆಚ್ಚಗಾದದ್ದೇ ಮೈದುನ ಕೊಡ ಅದ್ದಲು ಬಗ್ಗಿದ. ಅವನ ರಟ್ಟೆ ಹಿಡಿದು ಹಿಂದಕ್ಕೆ ಎಳೆದೆ. ಹೊರಗೆ ಹೋಗಿ ಮೇನ್ ಬಂದ್ ಮಾಡಿದೆ, ಟೆಸ್ಟರ್ ಹಚ್ಚಿ ನೋಡಿದೆ.

"ವೈನಿ, ಇನ್ನ ಅಣ್ಣಗ ಏನ್ ಆಗೂದೈತಿ?" ಎಂದ ಮೈದುನ ಅಳುತ್ತ.

"ನಿನಗ ಆಗತೈತಿ. ಈಗ ತುಂಬು."

ಬೆಚ್ಚನೆಯ ನೀರನ್ನು ಆ ಮುಷ್ಟಿಯ ಮೇಲೆ ಹೊಯ್ಯುತ್ತ, ದಿನಾ ಮಾಡಿದ ಹಾಗೆಯೇ ಕಿರುಬೆರಳಿನಿಂದ ಶುರು ಮಾಡಿ ಒಂದೊಂದಾಗಿ ಬಿಡಿಸಿದೆ. ಕೈ ತಡಮಾಡಿ ತೆರೆಯಿತು, ಆದರೆ ತೆರೆಯಿತು. ಅಯ್ಯನವರು ಲಿಂಗ ಇಟ್ಟರು. ಅದು ಬೀಳಲಿಲ್ಲ, ಕೈ ನಡುಗಲೂ ಇಲ್ಲ.

ನಾನು ಅವರ ಕಿವಿಯ ಹತ್ತಿರ ಬಗ್ಗಿ, "ಮೇನ್ ಬಂದ್ ಮಾಡೀನ್ರಿ" ಎಂದೆ. ಖರೇನ ಎಂದು ಅವರು ಕೇಳಲಿಲ್ಲ.