ಐದು ಡಿಸ್ಕಿಗೂ ವಿಭೂತಿ

ಮನೆಯ ಯಂತ್ರಗಳಿಗೆ ವರ್ಷಕ್ಕೊಮ್ಮೆ ಪೂಜೆ ಮಾಡುವುದು ತಪ್ಪೇ? ಅಲ್ಲ ತಾನೇ? ಹಾಗಿದ್ದರೆ ನಿಮ್ಮಲ್ಲಿ ಯಾರಾದರೂ ನಮ್ಮ ಮನೆಯವರಿಗೆ ಒಂದು ಮಾತು ಹೇಳಿ. ನಾನು ಹೇಳಿದರೆ ನಂಬುವ ಸ್ಥಿತಿಯಲ್ಲಿ ಅವರಿಲ್ಲ.

ಆದದ್ದಿಷ್ಟು. ಈ ಸಲದ ಆಯುಧಪೂಜೆಗೆ ನಾಸಿಕದ ಮನೆಯಲ್ಲಿ ನಾನೊಬ್ಬಳೇ ಇದ್ದೆ. ಮಿಕ್ಸರ್, ವಾಷಿಂಗ್ ಮಷಿನ್, ಇಸ್ತ್ರಿಪೆಟ್ಟಿಗೆ, ಸ್ಕೂಟಿ, ಎಲ್ಲವನ್ನೂ ಒರೆಸಿ, ವಿಭೂತಿ ಹಚ್ಚಿ, ಚೆಂಡು ಹೂವು ಇಟ್ಟು ಮುಗಿಸಿದೆ. ಇನ್ನೂ ಹುರುಪು ಉಳಿದಿತ್ತು. ಆಗ ಕಣ್ಣಿಗೆ ಬಿತ್ತು, ಹಾಲಿನ ಮೂಲೆಯಲ್ಲಿ ಧೂಳು ಹಿಡಿದು ಕೂತಿದ್ದ ಕಪ್ಪು ಡಬ್ಬಿ.

ಈ ಡಬ್ಬಿಯ ಬಗ್ಗೆ ಹಿಂದೊಮ್ಮೆ ಇದೇ ಅಂಕಣದಲ್ಲಿ ನಿಮ್ಮ ಮುಂದೆ ಗೊಣಗಿದ್ದೆ, ನೆನಪಿರಬಹುದು. ನಮ್ಮವರು, ಶಿವಕುಮಾರ್, ಸಾತಪುರದ ಕಾರ್ಖಾನೆಯೊಂದರಲ್ಲಿ ಕ್ವಾಲಿಟಿ ವಿಭಾಗದಲ್ಲಿದ್ದಾರೆ. ದಿನವಿಡೀ ಬೇರೆಯವರು ಮಾಡಿದ್ದರಲ್ಲಿ ತಪ್ಪು ಹುಡುಕುವ ಕೆಲಸ. ಮನೆಗೆ ಬಂದರೆ ಈ ಡಬ್ಬಿ. ಅದಕ್ಕವರು ಸರ್ವರ್ ಅನ್ನುತ್ತಾರೆ. ಒಳಗೆ ಐದು ಹಾರ್ಡ್‌ಡಿಸ್ಕು. ನಮ್ಮ ಮದುವೆಯ ಫೋಟೊದಿಂದ ಹಿಡಿದು ಫ್ರಿಜ್ಜಿನ ಬಿಲ್ಲಿನ ತನಕ ಎಲ್ಲವೂ ಅದರಲ್ಲಿ.

"ಮಂದಿ ಎಲ್ಲಾ ಕ್ಲೌಡಿನ್ಯಾಗ ಇಡ್ತಾರಲ್ರೀ" ಎಂದು ಒಮ್ಮೆ ಕೇಳಿದ್ದೆ.

"ನಮ್ಮ ಮನಿ ಮಾತು ನಮ್ಮ ಮನ್ಯಾಗೇ ಇರ್ಲಿ" ಅಂದಿದ್ದರು.

ಮನೆ ಮಾತು ಅಂದರೆ ನಿಜವಾಗಿಯೂ ಮಾತೇ. ಪ್ರತಿ ಭಾನುವಾರ ಅವರು ಛತ್ರಪತಿ ಸಂಭಾಜಿನಗರದಲ್ಲಿರುವ ಅವ್ವನಿಗೆ, ಅಂದರೆ ನಮ್ಮತ್ತೆಗೆ, ಫೋನು ಮಾಡುತ್ತಾರೆ. ಆ ಫೋನೆಲ್ಲ ರೆಕಾರ್ಡ್ ಆಗಿ, ಒಂದೂ ತಪ್ಪದೆ ಈ ಡಬ್ಬಿ ಸೇರುತ್ತದೆ. ಮೊಬೈಲಿನಲ್ಲಿ ಒಂದೂ ಉಳಿಸುವುದಿಲ್ಲ, ಜಾಗ ತಿನ್ನುತ್ತದಂತೆ. "ಅವ್ವನ ಮ್ಯಾಲ ಕೇಸ್ ಹಾಕೋರಿದ್ದೀರೇನು?" ಎಂದು ನಾನು ಅಣಕಿಸಿದರೆ ನಗುತ್ತಿದ್ದರು.

ಇರಲಿ. ಡಬ್ಬಿಯ ಸ್ವಿಚ್ ಆರಿಸಿ ಮುಚ್ಚಳ ತೆಗೆದೆ. ಐದೂ ಡಿಸ್ಕು ಡ್ರಾಯರಿನ ಹಾಗೆ ಹೊರಗೆ ಬಂದವು. ಒಂದೊಂದರ ಮೇಲೂ ಕೊಳೆ ಹಿಡಿದ ಕಾಗದದ ಚೀಟಿ, ಬಾಲ್‌ಪೆನ್ನಿನ ಗೀಚು. ಒದ್ದೆ ಬಟ್ಟೆಯಿಂದ ಉಜ್ಜಿ ಕಿತ್ತೆ. (ಅಂಟು ಹೋಗಲಿ ಎಂದು ಕೊಬ್ಬರಿ ಎಣ್ಣೆಯನ್ನೂ ಹಚ್ಚಿದೆ. ಅರೆಬರೆ ಕೆಲಸ ನನಗಾಗದು.) ಐದಕ್ಕೂ ವಿಭೂತಿ, ಐದಕ್ಕೂ ಹೂವು. ಆಮೇಲೆ ಕೈಗೆ ಬಂದ ಹಾಗೆ ಒಳಗೆ ತಳ್ಳಿದೆ. ಹಿಂದುಗಡೆ ಒಂದು ಪೆನ್‌ಡ್ರೈವ್ ಸಿಕ್ಕಿಸಿತ್ತು. ಯಾವ ಕಾಲದಲ್ಲೋ ಮರೆತು ಬಿಟ್ಟಿದ್ದಿರಬೇಕು ಅಂದುಕೊಂಡು ಎತ್ತಿಟ್ಟುಕೊಂಡೆ.

ಮರುದಿನ ನಿಮಗಾಗಿ ಬರೆದ ಅಂಕಣವನ್ನು ಪ್ರಿಂಟ್ ತೆಗೆಸಬೇಕಿತ್ತು. ಕಾಗದದ ಮೇಲೆ ನೋಡದಿದ್ದರೆ ನನಗೆ ತಪ್ಪು ಕಾಣುವುದಿಲ್ಲ. ಆ ಪೆನ್‌ಡ್ರೈವನ್ನು ಲ್ಯಾಪ್‌ಟಾಪಿಗೆ ಹಾಕಿದೆ. ಒಳಗೆ ಬಾಯಿಗೆ ಬಾರದ ಹೆಸರಿನ ಫೈಲುಗಳು. ಒಂದು ಫೋಟೊ ಇಲ್ಲ, ಒಂದು ಹಾಡಿಲ್ಲ. ಹಬ್ಬದ ಹುರುಪಿನ್ನೂ ಇಳಿದಿರಲಿಲ್ಲ, ಅದನ್ನೂ ಶುಚಿ ಮಾಡಲು ಹೊರಟೆ. ಫಾರ್ಮ್ಯಾಟ್ ಮಾಡಲೇ ಎಂದು ಲ್ಯಾಪ್‌ಟಾಪ್ ಕೇಳಿತು. ಇದ್ದದ್ದೆಲ್ಲ ಅಳಿಸಿಹೋಗುತ್ತದೆ ಎಂದೂ ಹೇಳಿತು. ಮಾಡು ಅಂದೆ. ಹಿಂದಿನ ಅಂಕಣವನ್ನು ನೀವು ಓದಿದ್ದು ಆ ಪೆನ್‌ಡ್ರೈವಿನ ಕೃಪೆಯಿಂದ. ಅಂದರೆ ಈ ಪಾಪದಲ್ಲಿ ನಿಮಗೂ ಪಾಲಿದೆ!

ಇನ್ನು ನಮ್ಮವರು ಹಬ್ಬಕ್ಕೆ ಮನೆಯಲ್ಲಿ ಇರದಿದ್ದುದರ ಕಾರಣ ಹೇಳಬೇಕು. ಶ್ರಾವಣದಲ್ಲಿ ಅತ್ತೆಗೆ ಸ್ಟ್ರೋಕ್ ಆಯಿತು. ಸಂಭಾಜಿನಗರದಲ್ಲೇ ಭಾವನವರ ಮನೆಯಲ್ಲಿ ಚೇತರಿಸಿಕೊಳ್ಳುತ್ತಿದ್ದಾರೆ. ನಮ್ಮವರು ಹಬ್ಬಕ್ಕೂ ಅಲ್ಲೇ ಉಳಿದಿದ್ದರು. ಬಲಗಾಲು ಒಂದಿಷ್ಟು ಸರಿಹೋಯಿತು. ಮಾತು ಮಾತ್ರ ಬರಲಿಲ್ಲ. ಎಲ್ಲವೂ ಅವರಿಗೆ ತಿಳಿಯುತ್ತದೆ ಎಂದು ಡಾಕ್ಟರು ಹೇಳಿದ್ದಾರೆ, ಆದರೆ ಶಬ್ದ ಸಿಗುತ್ತಿಲ್ಲ. ಭಾಲ್ಕಿಯಿಂದ ಮರಾಠಿ ಸೀಮೆಯ ಸಿಲ್ಲೋಡಿಗೆ ಸೊಸೆಯಾಗಿ ಬಂದು, ಸಂತೆಯಲ್ಲಿ ಮರಾಠಿಯವರನ್ನೇ ಮರಾಠಿಯಲ್ಲಿ ಸೋಲಿಸುತ್ತಿದ್ದ ಹೆಂಗಸು ಅವರು. ಈಗ ಯಾವ ಭಾಷೆಯಲ್ಲೂ ಒಂದು ಶಬ್ದವಿಲ್ಲ. ನೋಡಲು ಹೋದಾಗಲೆಲ್ಲ ನಾನು ಅಡುಗೆಮನೆಗೆ ಹೋಗಿ ಅತ್ತು ಬರುತ್ತಿದ್ದೆ.

ಮನೆಗೆ ಬರುವ ಸ್ಪೀಚ್ ಥೆರಪಿಸ್ಟ್ ಪೈಠಣದ ಹುಡುಗಿ. ಒಳ್ಳೆಯವಳು. ಬಾಳೆಹಣ್ಣು, ಬಾಗಿಲು, ಬಟ್ಟಲಿನ ಚಿತ್ರ ತೋರಿಸಿ ಮರಾಠಿಯಲ್ಲಿ ಕೇಳುತ್ತಾಳೆ. ಅತ್ತೆ ಗೋಡೆಯ ಕಡೆ ಮುಖ ತಿರುಗಿಸುತ್ತಾರೆ. ಕೊನೆಗೆ ಆಕೆ ನಮ್ಮವರಿಗೆ ಹೇಳಿದಳಂತೆ, ಇವರ ತವರಿನ ಭಾಷೆ ನನಗೆ ಬರುವುದಿಲ್ಲ, ಇವರದೇ ಹಳೆಯ ದನಿ ಎಲ್ಲಾದರೂ ಇದ್ದರೆ ತನ್ನಿ, ಸ್ವಂತ ಮಾತು ಕೇಳಿದರೆ ಕೆಲವರಿಗೆ ಎಳೆ ಸಿಗುತ್ತದೆ ಎಂದು. ಸಿಕ್ಕೇ ಸಿಗುತ್ತದೆ ಅಂತಲ್ಲ, ಎಂದೂ ಸೇರಿಸಿದಳಂತೆ.

ಹಬ್ಬ ಕಳೆದು ನಾಲ್ಕು ದಿನಕ್ಕೆ ನಮ್ಮವರ ಫೋನು ಬಂತು. ಎರಡು ತಿಂಗಳಲ್ಲಿ ಮೊದಲ ಸಲ ದನಿಯಲ್ಲಿ ಜೀವವಿತ್ತು. "ಡಬ್ಬಿ ಚಾಲೂ ಮಾಡಿ ಇಡು. ನಾಳಿಗೆ ಬಂದು ಅವ್ವನ ಮಾತು ತಗೊಂಡು ಹೋಗ್ತೀನಿ."

ಚಾಲೂ ಮಾಡಿದೆ. ದೀಪ ಹತ್ತಿತು. ಫ್ಯಾನು ತಿರುಗಿತು. ಮುಂದೆ ಏನೂ ಇಲ್ಲ.

ಮರುದಿನ ಬೆಳಗಿನ ಬಸ್ಸಿಗೆ ಬಂದವರಿಗೆ ಚಹಾ ಕೊಡುವ ಮೊದಲೇ ಎಲ್ಲವನ್ನೂ ಒಪ್ಪಿಸಿಬಿಟ್ಟೆ. ಅವರು ಡಬ್ಬಿಯ ಮುಂದೆ ನೆಲದ ಮೇಲೆ ಕೂತರು.

"ಚೀಟಿನೂ ಕಿತ್ತಿ?"

"ಹ್ಞೂಂರಿ."

"ಪೆನ್‌ಡ್ರೈವೂ ಅಳಿಸ್ದಿ?"

"ಹ್ಞೂಂ."

ಕೂಗಾಡಿದ್ದರೆ ಚೆನ್ನಾಗಿತ್ತು. ಅವರು ಡಿಸ್ಕಿನ ಮೇಲಿನ ವಿಭೂತಿ ನೋಡುತ್ತ ಕೂತರು.

ಡಬ್ಬಿಯ ನೆನಪೆಲ್ಲ ಇದ್ದದ್ದು ಆ ಪೆನ್‌ಡ್ರೈವಿನಲ್ಲಂತೆ. ಹೊಸ ಪೆನ್‌ಡ್ರೈವ್ ಹಾಕಿ ಎಬ್ಬಿಸಿದರೆ ಎದ್ದಿತು, ಆದರೆ ಪರದೆಯ ಮೇಲೆ ಐದು ಖಾಲಿ ಸಾಲು. ಯಾವ ಡಿಸ್ಕು ಎಲ್ಲಿ ಕೂರಬೇಕು ಎಂದು ನಮ್ಮನ್ನೇ ಕೇಳುತ್ತಿತ್ತು! ಪಂಕ್ತಿಯಲ್ಲಿ ಎಲ್ಲಾದರೂ ಕೂತರಾಯಿತು ಅನ್ನುವ ಹಾಗಿಲ್ಲ. ನಾಲ್ಕು ಡಿಸ್ಕಿನಲ್ಲಿ ಸಾಮಾನು ಇರುತ್ತದೆ. ಐದನೆಯದು ಪ್ಯಾರಿಟಿ. ಅದರಲ್ಲಿ ಸ್ವಂತದ್ದು ಏನೂ ಇರುವುದಿಲ್ಲ, ಉಳಿದ ನಾಲ್ಕರ ಗುರುತು ಇರುತ್ತದೆ. ಒಂದು ಡಿಸ್ಕು ಸತ್ತರೆ, ಉಳಿದವುಗಳನ್ನೂ ಇದನ್ನೂ ಸೇರಿಸಿ ಸತ್ತದ್ದನ್ನು ಮತ್ತೆ ಕಟ್ಟಬಹುದು. (ನಮ್ಮ ನೆಗೆಣ್ಣಿಯ, ಅಂದರೆ ಭಾವನವರ ಹೆಂಡತಿಯ ಹಾಗೆ. ತನ್ನದು ಒಂದನ್ನೂ ಹೇಳುವುದಿಲ್ಲ, ನಾಲ್ಕು ಮನೆಯದ್ದೂ ಗೊತ್ತಿರುತ್ತದೆ.)

"ಒಂದರ ಜಾಗದಾಗ ಇನ್ನೊಂದು ಕುಂತ್ರ ಏನಾಗ್ತದ್ರಿ?" ಎಂದೆ.

"ಸಾಮಾನಿದ್ದ ಡಿಸ್ಕು ಪ್ಯಾರಿಟಿ ಜಾಗದಾಗ ಕುಂತ್ರ, ಡಬ್ಬಿ ಅದರ ಮ್ಯಾಲೇ ಬರೀಲಿಕ್ಕೆ ಶುರು ಮಾಡ್ತದ. ಅಲ್ಲಿದ್ದದ್ದು ಹೋತು." ಐದೂ ಡಿಸ್ಕಿನ ಮೇಲೆ ಕಣ್ಣಾಡಿಸಿ, "ಅವ್ವನ ಡಿಸ್ಕು ಕುಂತ್ರ, ಅವ್ವನ ಮಾತು ಹೋತು" ಅಂದರು.

ಐದೂ ಒಂದೇ ಕಂಪನಿ, ಒಂದೇ ಅಳತೆ, ಒಂದೇ ಬಣ್ಣ. ಈಗ ಐದಕ್ಕೂ ಒಂದೇ ವಿಭೂತಿ. ಚೀಟಿಯೊಂದೇ ಬೇರೆಯಾಗಿತ್ತು.

ಅವರು ಒಂದೊಂದೇ ಡಿಸ್ಕನ್ನು ತೆರೆದು ನೋಡುವುದೆಂದು ನಿರ್ಧರಿಸಿದರು. ಓದುವುದು ಮಾತ್ರ, ಒಂದಕ್ಷರ ಬರೆಯುವುದಿಲ್ಲ. ಪ್ರತಿ ಡಿಸ್ಕಿಗೂ ಉದ್ದನೆಯ ನಂಬರಿರುತ್ತದೆ, ಅದನ್ನು ಓದಿ ಹೇಳುವುದು ನನ್ನ ಕೆಲಸ. ನಂಬರು ಎಲ್ಲಿತ್ತು? ವಿಭೂತಿಯ ಅಡಿಯಲ್ಲಿ! ಹತ್ತಿಯಿಂದ ಒರೆಸಿ ಒರೆಸಿ ಓದಿದೆ. ಐದು ದಿನದ ಹಿಂದೆ ಎಷ್ಟು ಭಕ್ತಿಯಿಂದ ಹಚ್ಚಿದ್ದೆನೋ ಅಷ್ಟೇ ಭಕ್ತಿಯಿಂದ ತೆಗೆದೆ.

ಪರದೆಯ ಮೇಲೆ ನಾಲ್ಕೇ ಡಿಸ್ಕು ಕಂಡವು. ಐದನೆಯದರ ಸುಳಿವೇ ಇಲ್ಲ. ಮೊದಲನೆಯದನ್ನು ತೆರೆದರು, ಫೋಟೊ. ಎರಡನೆಯದರಲ್ಲಿ ಸಿನಿಮಾ. ಮೂರನೆಯದರಲ್ಲಿ ಏನೂ ಇಲ್ಲ. ಫಾರ್ಮ್ಯಾಟ್ ಮಾಡಲೇ ಎಂದು ಡಬ್ಬಿ ವಿನಯದಿಂದ ಕೇಳಿತು.

"ಬ್ಯಾಡ್ರೀ!" ಎಂದು ಕಿರುಚಿದೆ. ಅವರ ಕೈ ಮೌಸಿನ ಹತ್ತಿರವೂ ಇರಲಿಲ್ಲ.

ನನ್ನನ್ನು ನೋಡಿ ನಕ್ಕುಬಿಟ್ಟರು. "ಈಗ ಕಲ್ತಿ ನೋಡು."

ನಾಲ್ಕನೆಯದರಲ್ಲಿ ಬಿಲ್ಲು, ಕಾಗದಪತ್ರ. ಅವ್ವನ ಮಾತು ಎಲ್ಲೂ ಇಲ್ಲ.

ಖಾಲಿ ಕಾಣುವ ಮೂರನೆಯದು ಪ್ಯಾರಿಟಿಯೇ ಇರಬೇಕು ಅಂದುಕೊಂಡರೆ ಸರಿ. ಆದರೆ ಅದು ಅವ್ವನದೇ ಆಗಿದ್ದು, ನನ್ನ ಒದ್ದೆ ಬಟ್ಟೆಗೆ ಕೆಟ್ಟುಹೋಗಿದ್ದರೆ? ಕಾಣದೆ ಕೂತಿರುವ ಐದನೆಯದೇ ಪ್ಯಾರಿಟಿ ಆಗಿದ್ದರೆ? ನಾನಾಗಿದ್ದರೆ ದೇವರ ಮೇಲೆ ಭಾರ ಹಾಕಿ ಯಾವುದೋ ಒಂದು ಬಟನ್ ಒತ್ತಿಬಿಡುತ್ತಿದ್ದೆ. ಅವರು ಎರಡೂ ಕೈ ಕಟ್ಟಿಕೊಂಡು ಕೂತರು.

"ಫ್ಯಾಕ್ಟರಿನಾಗ ಅಳತಿ ಸಿಗದಿದ್ದ ಪೀಸ್ ರಿಜೆಕ್ಟ್ ಮಾಡಂಗಿಲ್ಲ. ಪಕ್ಕಕ್ಕಿಟ್ಟು ಮತ್ತೊಮ್ಮೆ ನೋಡ್ಬೇಕು" ಅಂದರು.

ಡಬ್ಬಿ ಆರಿಸಿ ಐದನೆಯದನ್ನು ಎಳೆದರು. ಮೊಬೈಲಿನ ಟಾರ್ಚು ಹಿಡಿದೆ. ಡಿಸ್ಕು ಕೂರುವ ಸಂದಿಯಲ್ಲಿ, ಒಳಗೆ, ಏನೋ ಕೇಸರಿ ಬಣ್ಣದ್ದು. ಹುಬ್ಬು ಕೀಳುವ ನನ್ನ ಚಿಮುಟ ತಂದುಕೊಟ್ಟೆ. ಮೆಲ್ಲಗೆ ಎಳೆದರೆ ಬಂತು, ಒಣಗಿದ ಚೆಂಡು ಹೂವಿನ ಎಸಳು.

ಮತ್ತೆ ಚಾಲೂ ಮಾಡಿದಾಗ ಐದನೆಯದು ಕಾಣಿಸಿತು. ತೆರೆದರು. ಒಂದೇ ಫೋಲ್ಡರು, ಹೆಸರು 'ಅವ್ವ'. ನಾನು ಅಳುತ್ತಿದ್ದೆ, ಅವರೂ ಅಳುತ್ತಿದ್ದರು, ಇಬ್ಬರೂ ಡಬ್ಬಿಯನ್ನೇ ನೋಡುತ್ತಿದ್ದೆವು.

ಹಾಗಾದರೆ ಖಾಲಿ ಕಂಡದ್ದೇ ಪ್ಯಾರಿಟಿ. ಯಾವ ನಂಬರು ಎಲ್ಲಿ ಎಂದು ಒಂದು ನೋಟುಬುಕ್ಕಿನಲ್ಲಿ, ಮೊಬೈಲಿನಲ್ಲಿ, ಕಪಾಟಿನ ಬಾಗಿಲ ಒಳಮೈಯಲ್ಲಿ ಬರೆದಿಟ್ಟಿದ್ದಾರೆ. (ಕಪಾಟನ್ನು ಒರೆಸುವುದಿಲ್ಲ ಎಂದು ನನ್ನಿಂದ ಆಣೆ ಹಾಕಿಸಿಕೊಂಡಿದ್ದಾರೆ.)

ಆಮೇಲೆ ರೆಕಾರ್ಡಿಂಗ್ ಹಚ್ಚಿದರು. ಅತ್ತೆಯ ದನಿ ಹಾಲಿನ ತುಂಬ ಬಂತು. "ಉಂಡ್ಯೇನಪ್ಪಾ ಶಿವೂ?" "ಆಗ್ಯಾದವ್ವಾ." ಮುಂದೆ ಅತ್ತೆ ಪಕ್ಕದ ಮನೆಯ ಬಾಣಂತಿಯ ವಿಷಯ ತೆಗೆಯುತ್ತಾರೆ. ಇವರು "ಹ್ಞೂಂ... ಹ್ಞೂಂ... ಇಡ್ಲೇನವ್ವಾ?" ಎಂದು ಫೋನು ಇಡಲು ಅವಸರ ಮಾಡುತ್ತಾರೆ. "ಹ್ಞೂಂ, ಇಡಪ್ಪಾ." ಮುಗಿಯಿತು.

ಎರಡನೆಯದೂ ಹಾಗೇ. ಮೂರನೆಯದೂ ಹಾಗೇ. ಇವರ ಮುಖ ಸಣ್ಣದಾಯಿತು.

"ಎಲ್ಲಾ ಕಡಿ ಇಡ್ಲೇನು, ಇಡ್ಲೇನು ಅಂದೀನಲ್ಲ" ಅಂದರು.

ನಾನು ಅಣಕಿಸಲಿಲ್ಲ. ವರ್ಷಗಟ್ಟಲೆ ಕೂಡಿಟ್ಟ ಮಾತನ್ನು ಅವರು ಒಮ್ಮೆಯೂ ಕೇಳಿರಲಿಲ್ಲ. ನಾವು ಮಾತ್ರ ಕೇಳುತ್ತೇವೆಯೇ? ಆಮೇಲೆ ನೋಡೋಣ ಎಂದು ಎಷ್ಟೊಂದನ್ನು ಕೂಡಿಡುತ್ತೇವೆ. ಎದುರಿಗೆ ಮಾತಾಡುತ್ತಿರುವಾಗ ಮಾತ್ರ ನಮಗೆ ಹೊತ್ತಿರುವುದಿಲ್ಲ.

ರೆಕಾರ್ಡಿಂಗನ್ನೆಲ್ಲ ಮೊಬೈಲಿಗೆ ಇಳಿಸಿಕೊಂಡು ಮರುದಿನ ಇಬ್ಬರೂ ಸಂಭಾಜಿನಗರಕ್ಕೆ ಹೋದೆವು. ಅತ್ತೆ ಕಿಟಕಿಯ ಪಕ್ಕದ ಮಂಚದಲ್ಲಿ ಒರಗಿದ್ದರು. ಥೆರಪಿಸ್ಟ್ ಹುಡುಗಿ ಬಂದಿದ್ದಳು. ಅತ್ತೆ ಉತ್ತರ ಕೊಡುವ ಜಾಗದಲ್ಲಿ ನಿಲ್ಲಿಸಿ ಕಾಯಬೇಕೆಂದು ಆಕೆ ನಮ್ಮವರಿಗೆ ಹೇಳಿಕೊಟ್ಟಳು. ಇವರು ಮೊಬೈಲನ್ನು ದಿಂಬಿನ ಹತ್ತಿರ ಇಟ್ಟರು.

"ಉಂಡ್ಯೇನಪ್ಪಾ ಶಿವೂ?"

ಅತ್ತೆ ಬಾಗಿಲ ಕಡೆ ನೋಡಿದರು, ಯಾರೋ ಬಂದರೇನೋ ಎಂಬಂತೆ. ಆಮೇಲೆ ಮೊಬೈಲನ್ನು ನೋಡಿದರು. ಬಾಣಂತಿಯ ಸುದ್ದಿ ಬರುವಾಗ ತುಟಿ ಅಲುಗಿತು. ದನಿ ಹೊರಡಲಿಲ್ಲ. ನಾನು ನೆಗೆಣ್ಣಿಯ ಕೈ ಹಿಡಿದು ನಿಂತಿದ್ದೆ.

ಮೊಬೈಲಿನಿಂದ ಇವರ ಹಳೆಯ ದನಿ ಅವಸರದಲ್ಲಿ ಕೇಳಿತು. "ಇಡ್ಲೇನವ್ವಾ?"

ಇವರು ಅಲ್ಲಿಗೆ ನಿಲ್ಲಿಸಿದರು. ಪ್ರತಿ ಭಾನುವಾರ ಅಲ್ಲಿ ಅತ್ತೆ "ಹ್ಞೂಂ, ಇಡಪ್ಪಾ" ಅನ್ನುತ್ತಿದ್ದರು.

ಅತ್ತೆ ಎಡಗೈ ಚಾಚಿ ಮಗನ ಮಣಿಕಟ್ಟು ಹಿಡಿದುಕೊಂಡರು.

"ಬ್ಯಾಡ" ಅಂದರು.

ಥೆರಪಿಸ್ಟ್ ಹುಡುಗಿ ನನ್ನ ಕಡೆ ತಿರುಗಿ, ಏನಂದರು ಎಂದು ಮರಾಠಿಯಲ್ಲಿ ಕೇಳಿದಳು. ನಾಸಿಕದಲ್ಲಿ ದಿನಕ್ಕೆ ಇಪ್ಪತ್ತು ಸಲ ತರಕಾರಿಯವನಿಗೆ, ಹಾಲಿನವನಿಗೆ ಹೇಳುವ ಶಬ್ದ ಅದು, 'ನಕೋ'. ಅದನ್ನು ಹೇಳಲು ಅಂದು ನನಗೆ ಎಷ್ಟೋ ಹೊತ್ತು ಬೇಕಾಯಿತು.

ಕಳೆದ ಭಾನುವಾರ ಫೋನು ಮೊದಲು ಇಟ್ಟವರು ಯಾರು, ನೀವಾ, ಅವ್ವನಾ?