ಸಡಿಲವಾಗಿದ್ದ ಮಸೂರ

ಗಲ್, ಗಲ್.

ಪದ್ಮಿನಿ ಆ ಹಳೆಯ ಚಿತ್ರಲಾಂದ್ರವನ್ನು ತಂದು ಜಕಿಯಾಳ ಅಡುಗೆಮನೆಯ ಮೇಜಿನ ಮೇಲಿಟ್ಟಾಗ ಅದರ ಹೊಟ್ಟೆಯೊಳಗಿಂದ ಸದ್ದು ಬಂತು. ಜಕಿಯಾಳ ಕಿವಿ ನಿಮಿರಿತು. ಡಚ್ ಊರಾದ ನೂರ್ಡ್‌ವೈಕ್‌ನ ಬಾಹ್ಯಾಕಾಶ ಪ್ರಯೋಗಾಲಯದಲ್ಲಿ ಹದಿನಾಲ್ಕು ವರ್ಷಗಳಿಂದ ಅವಳ ಕೆಲಸವೇ ಅದು. ಉಪಗ್ರಹದ ಭಾಗಗಳನ್ನು ಯಂತ್ರಕ್ಕೆ ಬಿಗಿದು ನಡುಗಿಸುವುದು, ಆಮೇಲೆ ಏನಾದರೂ ಸಡಿಲವಾಗಿದೆಯೇ ಎಂದು ಹುಡುಕುವುದು. ಅಲುಗಿದ್ದೆಲ್ಲ ವಾಪಸ್ಸು ಹೋಗುತ್ತಿತ್ತು.

ಲಾಂದ್ರ ಪದ್ಮಿನಿಯ ಕೆಳಗಿನ ಮಹಡಿಯ ಮನೆಯ ವೀಬೆ ಅವರದು. ಗ್ರೋನಿಂಗನ್ ಹತ್ತಿರದ ಹಳ್ಳಿಯಲ್ಲಿ ಅವರ ಅಜ್ಜ ಚಳಿಗಾಲದ ಸಂಜೆಗಳಲ್ಲಿ ಮಕ್ಕಳನ್ನು ಸೇರಿಸಿ, ಗಾಜಿನ ಮೇಲೆ ಬರೆದ ಚಿತ್ರಗಳನ್ನು ಅದರಲ್ಲಿ ತೋರಿಸುತ್ತಿದ್ದರಂತೆ. ಮುಂದಿನ ಭಾನುವಾರ ವೀಬೆ ಅವರಿಗೆ ತೊಂಬತ್ತು ತುಂಬುತ್ತದೆ. ಅಂದು ಆ ಚಿತ್ರಗಳಲ್ಲೊಂದಾದ ಗಾಳಿಗಿರಣಿ ಗೋಡೆಯ ಮೇಲೆ ತಿರುಗುವುದನ್ನು ಇನ್ನೊಮ್ಮೆ ನೋಡಬೇಕು, ಅಷ್ಟೇ ಅವರ ಆಸೆ. ಅದಕ್ಕೇ ಪದ್ಮಿನಿ ಅದನ್ನು ಸರಿಮಾಡಿಸಲು ಗೆಳತಿಯ ಬಳಿ ತಂದಿದ್ದಳು.

ಜಕಿಯಾ ಬಿಚ್ಚಿ ನೋಡಿದಳು. ಕಪ್ಪು ಬಣ್ಣದ ತಗಡಿನ ಗೂಡು, ನೆತ್ತಿಯಲ್ಲಿ ಹೊಗೆಕೊಳವೆ, ಮುಂದೆ ಹಿತ್ತಾಳೆಯ ನಳಿಗೆ. ದೀಪಕ್ಕೂ ಚಿತ್ರಕ್ಕೂ ನಡುವೆ ಅಂಗೈಯಗಲದ ಎರಡು ದಪ್ಪ ಮಸೂರಗಳು, ಉಬ್ಬಿದ ಬೆನ್ನುಗಳು ಎದುರುಬದುರಾಗುವಂತೆ ಹಿತ್ತಾಳೆಯ ಬಳೆಯೊಳಗೆ ಕೂತಿದ್ದವು. ಅಲುಗುತ್ತಿದ್ದದ್ದು ಅವೇ.

"ವಯಸ್ಸಾಗಿ ಲೂಸ್ ಆಗಿದೆ, ಪಾಪ," ಎಂದು ಅಂಚಿಗೆ ತೆಳು ಪಟ್ಟಿಯೊಂದನ್ನು ತುರುಕಿ ಬಳೆಯನ್ನು ಬಿಗಿದಳು. ಎತ್ತಿ ಅಲುಗಿಸಿದಳು. ಸದ್ದಿಲ್ಲ.

"ಇವಳ ಕೈಗೆ ಸಿಕ್ಕಿದ್ರೆ ಗಂಡನೂ ಅಲ್ಲಾಡೋ ಹಂಗಿಲ್ಲ," ಎಂದ ವಸೀಂ, ಚಹಾ ಸೋಸುತ್ತಾ.

"ನಿಮ್ಮನ್ನ ಇನ್ನೂ ಟೈಟ್ ಮಾಡ್ಬೇಕಿತ್ತು."

ಎಣ್ಣೆದೀಪ ಹಚ್ಚಿ, ಚಿತ್ರವನ್ನು ತಲೆಕೆಳಗಾಗಿ ತೂರಿಸಿದರು. ಗೋಡೆಯ ಮೇಲೆ ಗಾಳಿಗಿರಣಿ ನೆಟ್ಟಗೆ ನಿಂತಿತು. ಚಿತ್ರದ ಚೌಕಟ್ಟಿನ ಪುಟ್ಟ ಹಿಡಿಕೆಯನ್ನು ತಿರುಗಿಸಿದರೆ ಅದರ ರೆಕ್ಕೆಗಳೂ ತಿರುಗಿದವು. ಮೂವರೂ ಸರದಿಯ ಮೇಲೆ ತಿರುಗಿಸಿ ನೋಡಿದರು. ಅರ್ಧ ಗಂಟೆಯಾಗಿರಬಹುದು, ಲಾಂದ್ರದೊಳಗೆ ಏನೋ ಟಕ್ ಎಂದಿತು. ನೀಲಿ ಆಕಾಶದಲ್ಲಿ ಅಡ್ಡಕ್ಕೊಂದು ಗೆರೆ ಬಿತ್ತು.

ಆರಿದ ಮೇಲೆ ಬಿಚ್ಚಿದರೆ, ದೀಪದ ಕಡೆಯ ಮಸೂರ ಎರಡು ಹೋಳು. ಬಿಸಿಗೆ ಗಾಜು ಹಿಗ್ಗುತ್ತದೆಂದು, ಮಾಡಿದವನು ಬೇಕೆಂದೇ ಅಲ್ಲಿ ಉಗುರು ತೂರುವಷ್ಟು ಸಂದು ಬಿಟ್ಟಿದ್ದ. ಆ ಸಂದನ್ನು ಜಕಿಯಾ ಮುಚ್ಚಿಬಿಟ್ಟಿದ್ದಳು.

ಆ ವಾರವೆಲ್ಲ ಆಫೀಸು ಮುಗಿಸಿ ಹಳೆ ಸಾಮಾನು ಮಾರುವ ಕ್ರಿಂಗ್‌ಲೂಪ್ ಅಂಗಡಿಗಳನ್ನು ಸುತ್ತಿದಳು. ಶುಕ್ರವಾರ, ಫೋಟೊ ದೊಡ್ಡದು ಮಾಡುವ ಹಳೆಯ ಯಂತ್ರವೊಂದರಲ್ಲಿ ಅಂಥದೇ ಮಸೂರ ಸಿಕ್ಕಿತು. ಈ ಸಲ ಸಡಿಲವಾಗಿಯೇ ಕೂರಿಸಿದಳು. ಒಂದು ಗಂಟೆ ದೀಪ ಉರಿಸಿ ನೋಡಿದಳು. ಏನೂ ಆಗಲಿಲ್ಲ.

ಭಾನುವಾರ ಮಧ್ಯಾಹ್ನ ಪದ್ಮಿನಿಯ ಮನೆ ಬಾಗಿಲಲ್ಲಿ ಗೆಳತಿಯರಿಬ್ಬರೂ ನಿಂತಿದ್ದರು.

"ಹೇಳೋದೇ ಬೇಡ ಕಣೆ," ಎಂದಳು ಪದ್ಮಿನಿ. "ಅವರಿಗೆ ಗೊತ್ತೂ ಆಗಲ್ಲ. ಚಿತ್ರ ಕಂಡ್ರೆ ಸಾಕು ಅವರಿಗೆ."

"ಅವರಜ್ಜ ಒರೆಸಿ ಒರೆಸಿ ಇಟ್ಟಿದ್ದ ಗಾಜು ಅದು."

"ಬರ್ತ್‌ಡೇ ದಿನ ಯಾಕೆ? ನಾಳೆ ಹೇಳು."

"ಇವತ್ತು ಅವರು ಥ್ಯಾಂಕ್ಸ್ ಅಂದ್ಬಿಟ್ರೆ ನಾಳೆ ನನ್ನ ಬಾಯಿಂದ ಬರಲ್ಲ, ಪದ್ಮಿನಿ. ನನ್ನ ಬುದ್ಧಿ ನಂಗೊತ್ತು."

"ಬೇಜಾರಾಗಿ, ದೀಪಾನೇ ಹಚ್ಬೇಡಿ ಅಂದ್ರೆ? ಆ ಗಾಳಿಗಿರಣಿಗೋಸ್ಕರ ವಾರದಿಂದ ಕಾಯ್ತಿದ್ದಾರೆ. ಎಲ್ಲಾ ಸರಿ ಮಾಡಿದೀಯ ತಾನೆ? ಮತ್ತೆ ಯಾಕೆ ಸುಮ್ನೆ..."

ಜಕಿಯಾ ಲಾಂದ್ರವನ್ನು ಗೆಳತಿಯ ಕೈಗೆ ಕೊಟ್ಟಳು. ಅದು ಗಲ್ ಎಂದಿತು. ಕರವಸ್ತ್ರದಲ್ಲಿ ಸುತ್ತಿದ್ದ ಎರಡು ಹೋಳುಗಳನ್ನು ಚೀಲದಿಂದ ತೆಗೆದುಕೊಂಡಳು.

"ಏ, ಕೇಳೇ ಇಲ್ಲಿ, ಒಂದ್ನಿಮಿಷ, ಅವರ ಮಗಳು ಬರೋವರೆಗಾದ್ರೂ..."

ಜಕಿಯಾ ಆಗಲೇ ಮೆಟ್ಟಿಲಿಳಿಯುತ್ತಿದ್ದಳು.